ನಾವು ಮನೆಯಲ್ಲಿ ಮೂವರು

ಮಗಳ ಪ್ರವೇಶ ಪರೀಕ್ಷೆಗೆ ಪೆನ್ಸಿಲ್ ಕೆತ್ತುವಾಗ ಎದ್ದ ಮರದ ವಾಸನೆಗೆ ನನ್ನ ಟ್ಯೂಷನ್ ಮಾಸ್ತರು ನೆನಪಾದರು. ಆಯ್ದ ಮಕ್ಕಳನ್ನಷ್ಟೇ ಸೇರಿಸಿಕೊಳ್ಳುವ ಇಂಗ್ಲಿಷ್ ಶಾಲೆಯ ಸಂದರ್ಶನಕ್ಕೆ ಚಿಕ್ಕಂದಿನಲ್ಲಿ ಅವರು ನನಗೆ ಕಲಿಸಿದ್ದು ಬರೀ ಗಿಳಿಪಾಠ.

"ಸಣ್ಣ ಕುಟುಂಬ ಅಂದ್ರೆ ಅವರಿಗೆ ಖುಷಿ ಮಾರಾಯ್ರೆ, ಅಜ್ಜಿಯ ಸುದ್ದಿ ಬೇಡ" ಎಂದು ಅಪ್ಪನಿಗೆ ಹೇಳಿ, ನನಗೆ "ವಿ ಆರ್ ತ್ರೀ", ಅಂದರೆ ಮನೆಯಲ್ಲಿ ಅಪ್ಪ, ಅಮ್ಮ, ನಾನು ಮೂವರೇ ಎಂದು ಬಾಯಿಪಾಠ ಮಾಡಿಸಿದರು.

ನಮ್ಮೂರು ಪೈವಳಿಕೆಯಿಂದ ಸಂದರ್ಶನಕ್ಕೆ ನನ್ನನ್ನು ಕರೆದೊಯ್ದದ್ದು ಅಜ್ಜಿಯೇ. ಇವರು ಯಾರೆಂದು ಮುಖ್ಯೋಪಾಧ್ಯಾಯಿನಿ ಇಂಗ್ಲಿಷಿನಲ್ಲಿ ಕೇಳಿದರು. ಮೂವರ ಲೆಕ್ಕ ತಪ್ಪದಿರಲೆಂದು ನಾನು "ಸರ್ವೆಂಟ್" ಎಂದೆ. ಇಂಗ್ಲಿಷ್ ಬಾರದ ಅಜ್ಜಿ ಹೆಮ್ಮೆಯಿಂದ ನಕ್ಕರು. ಸೀಟು ಸಿಕ್ಕಿತು, ಆ ಶಾಲೆಗೆ ಬೇಕಾದ ಜಾಣತನ ಅಷ್ಟೇ.

"ನನ್ನ ಬಗ್ಗೆ ಎಂತ ಹೇಳಿದ್ದು ಮಗಾ?" ಎಂದು ಬಸ್ಸಿನಲ್ಲಿ ಅಜ್ಜಿ ಕೇಳಿದರು.

"ಅಜ್ಜಿ ಅಂತಲೇ" ಎಂದೆ.

"ಅಮ್ಮಾ, ಗೊತ್ತಿಲ್ಲದ್ದಕ್ಕೆ ಎಂತ ಬರೆಯುದು?" ಎನ್ನುತ್ತಿದ್ದಾಳೆ ಈಗ ನನ್ನ ಮಗಳು. ಖಾಲಿ ಬಿಡು ಎಂದೆ. ನಾಳೆ ಅವಳನ್ನು ಅಂಥದ್ದೇ ಶಾಲೆಯ ಬಾಗಿಲಿನ ಸಾಲಿನಲ್ಲಿ ನಿಲ್ಲಿಸಲು ಹೊರಟವಳೂ ನಾನೇ.