ಹಗೇವು ಇಲ್ಲದ ಮುಲ್ಕಿ

ಹೋದ ತಿಂಗಳು ನಮ್ಮ ಮನೆಯ ಜೋಳದ ಚೀಲಗಳು ನನ್ನ ವಿರುದ್ಧ ಸಾಕ್ಷಿ ಹೇಳಿದವು.

ನಗಬೇಡಿ. ನಾಲ್ಕು ಚೀಲ. ಯಾರ ತಂಟೆಗೂ ಹೋಗದೆ ಪಡಸಾಲೆಯ ಗೋಡೆಗೆ ಒರಗಿ ನಿಂತಿದ್ದವು. ಅವನ್ನು ನೋಡಿ ಸರ್ಕಾರದ ಕಂದಾಯ ತನಿಖೆಯ ಗಿರ್ದಾವರ ಸಾಹೇಬರು, ನಾನು ಈ ರಾಜ್ಯದವನೇ ಅಲ್ಲ ಎಂದು ತೀರ್ಮಾನಿಸುವುದರಲ್ಲಿದ್ದರು. ಹಾಗಾಗಿದ್ದರೆ ನನ್ನ ನೌಕರಿ ಹೋಗುತ್ತಿತ್ತು.

ಮೊದಲಿನಿಂದ ಹೇಳುತ್ತೇನೆ. ಈ ಅಂಕಣ ಓದುವವರಿಗೆ ಗೊತ್ತಿರುವಂತೆ ನಾನು ಮಸ್ಕಿಯ ಶಾಲೆಯಲ್ಲಿ ಮಾಸ್ತರ. ಹುಟ್ಟಿದ್ದು ತುಂಗಭದ್ರೆಯ ಆಚೆ ದಂಡೆ, ಬಳ್ಳಾರಿ ಸೀಮೆಯಲ್ಲಿ. ಅಂದರೆ ಇಂಗ್ಲಿಷರ ರಾಜ್ಯದಲ್ಲಿ. ಮದುವೆಯಾದ ವರ್ಷವೇ ಹೆಂಡತಿ ಹಂಪಮ್ಮನನ್ನು ಕರೆದುಕೊಂಡು ಹರಿಗೋಲಿನಲ್ಲಿ ಹೊಳೆ ದಾಟಿ, ಸಿಂಧನೂರಿನ ಮೇಲೆ ಹಾಯ್ದು ಇಲ್ಲಿಗೆ ಬಂದೆ. ಇದು ನಿಜಾಮರ ರಾಜ್ಯ.

ನಡುವೆ ಇರುವುದು ಒಂದು ಹೊಳೆ. ಬೇಸಿಗೆಯಲ್ಲಿ ಎಮ್ಮೆಗಳು ನಡೆದೇ ದಾಟುತ್ತವೆ. ಆದರೆ ಆಚೆಯ ಅಂಚೆಚೀಟಿ ಈಚೆಯ ಡಬ್ಬಿಗೆ ಹಿಡಿಸುವುದಿಲ್ಲ. ಆಚೆ ಭಾನುವಾರ ರಜೆ, ಈಚೆ ಶುಕ್ರವಾರ. (ಹದಿನೈದು ವರ್ಷ ಪ್ರತಿ ಭಾನುವಾರ ಎದ್ದು ಮಗ್ಗಿ ಹೇಳಿಸಿದ್ದೇನೆ. ಪ್ರಜೆ ಎನ್ನಿಸಿಕೊಳ್ಳಲು ಇನ್ನೇನು ಮಾಡಬೇಕು?)

ಇನ್ನೂ ಮಾಡಬೇಕಂತೆ. ನೌಕರಿ ಪರ್ಮನೆಂಟ್ ಆಗಬೇಕಾದರೆ ಮುಲ್ಕಿ ಸರ್ಟಿಫಿಕೇಟ್ ತನ್ನಿ, ಇಲ್ಲವಾದರೆ ಜಾಗ ಖಾಲಿ ಮಾಡಿ ಎಂದು ಹುಕುಂ ಬಂತು. ಮುಲ್ಕಿ ಎಂದರೆ ಈ ಮುಲ್ಕಿನವನು, ಈ ನಾಡಿನ ಪ್ರಜೆ. ಅದಕ್ಕೆ ಎರಡು ಷರತ್ತು. ಹದಿನೈದು ವರ್ಷ ಇಲ್ಲಿ ಇದ್ದಿರಬೇಕು. ಇದ್ದೇನೆ. ಹುಟ್ಟಿದೂರಿಗೆ ತಿರುಗಿ ಹೋಗುವ ಇರಾದೆ ಬಿಟ್ಟಿರಬೇಕು. ಬಿಟ್ಟಿದ್ದೇನೆ. ಆದರೆ ಅದನ್ನು ತೋರಿಸುವುದು ಹೇಗೆ? ಬೀಡಿ ಬಿಟ್ಟವನಾದರೆ ಖಾಲಿ ಜೇಬು ತೋರಿಸಬಹುದು.

(ನಮ್ಮೂರ ಗುಡ್ಡದ ಬಂಡೆಯ ಮೇಲೆ ಯಾವುದೋ ಕಾಲದ, ಯಾವುದೋ ದೂರದ ರಾಜ ಶಾಸನ ಬರೆಸಿದ್ದಾನೆ. ಅವನಿಗೆ ಯಾರೂ ಸರ್ಟಿಫಿಕೇಟ್ ಕೇಳಿದಂತಿಲ್ಲ.)

ಅರ್ಜಿ ತುಂಬಿದೆ. ಇರುವ ಮಕ್ಕಳ ಹೆಸರು ಕೇಳಿದ್ದರು. ನಮಗಿರುವುದು ಒಬ್ಬಳೇ ಮಗಳು, ಆ ಹೆಸರು ಬರೆದೆ. ಹೆಂಡತಿಗೆ ಬೇರೆ ಅರ್ಜಿ ಬೇಕಿರಲಿಲ್ಲ. ಗಂಡ ಮುಲ್ಕಿಯಾದರೆ ಅವನ ದೆಸೆಯಿಂದ ಹೆಂಡತಿಯೂ ಮುಲ್ಕಿ. ಇದನ್ನು ಹಂಪಮ್ಮನಿಗೆ ಸ್ವಲ್ಪ ಗತ್ತಿನಿಂದಲೇ ಹೇಳಿದೆ. ಆಕೆ ಹಿಟ್ಟು ನಾದುತ್ತಿದ್ದಳು, ಹೂಂ ಅಂದಳು.

ಹದಿನೈದು ದಿನಕ್ಕೆ ಲಿಂಗಸುಗೂರಿನ ಕಚೇರಿಯಿಂದ ಗಿರ್ದಾವರ ಸಾಹೇಬರು ವಿಚಾರಣೆಗೆ ಕುದುರೆಯ ಮೇಲೆ ಬಂದರು. ನಮ್ಮ ಕಟ್ಟೆಯ ಮೇಲೆ ಕೂತು ಚಹಾ ಕುಡಿದರು. ಸಾಕ್ಷಿಗೆ ನಾನು ಪಕ್ಕದ ಮನೆಯ ಅಮರಪ್ಪನನ್ನು ಕರೆದಿದ್ದೆ. ಪಾಮನಕಲ್ಲೂರಿನ ರೈತ, ಮಾವನ ಹೊಲ ಮಾಡಲು ಮಸ್ಕಿಗೆ ಬಂದು ನಿಂತವನು. ಬಹಳ ಒಳ್ಳೆಯವನು. ಸುಳ್ಳು ಹೇಳುವುದಿಲ್ಲ ಎಂಬುದೊಂದೇ ಅವನ ತೊಂದರೆ.

"ಕ್ಯಾ ಅಮರಪ್ಪ, ಈ ಮಾಸ್ತರ್ ವಾಪಸ್ ಹೋಗೋ ಆಸಾಮಿ ಏನು?" ಎಂದರು ಸಾಹೇಬರು.

ಅಮರಪ್ಪ ರುಮಾಲು ಸರಿಮಾಡಿಕೊಂಡ. "ಹೇಳಾಕ ಬರಲ್ರಿ ಸಾಹೇಬ್ರ."

"ಯಾಕ?"

"ಮಾಸ್ತರು ಛಲೋ ಮನಷ್ಯಾರ್ರೀ. ಖರೇ, ಮನ್ಯಾಗ ಹಗೇವು ಇಲ್ಲ. ಇಷ್ಟು ವರ್ಷ ಆತು, ಜ್ವಾಳ ಇನ್ನೂ ಚೀಲದಾಗ ಇಟಗೊಂಡು ಕುಂತಾರ. ಚೀಲದಾಗ ಇಟ್ಟಾವ ಇವತ್ತು ಬಂಡಿ ಹೂಡಿದ್ರ ನಾಳೆ ಹೊಳಿ ದಾಟ್ತಾನ್ರೀ."

ಪಟ್ಟಣದ ಓದುಗರಿಗಾಗಿ ಒಂದು ಮಾತು. ಹಗೇವು ಎಂದರೆ ಜೋಳ ಇಡಲು ನೆಲದೊಳಗೆ ತೋಡುವ ಆಳದ ತಗ್ಗು. ಹುಲ್ಲು ಹೊಂದಿಸಿ, ಜೋಳ ಸುರಿದು, ಬಾಯಿ ಮುಚ್ಚಿ ಮಣ್ಣು ಮೆತ್ತಿದರೆ ವರ್ಷಗಟ್ಟಲೆ ಕೆಡುವುದಿಲ್ಲ. ಹಗೇವು ತೋಡಿಸಿದವನು ಊರು ಬಿಡುವುದಿಲ್ಲ ಎಂದು ಇಲ್ಲಿಯವರ ಲೆಕ್ಕ. ತಗ್ಗನ್ನು ಬಂಡಿಯಲ್ಲಿ ಹೇರಿಕೊಂಡು ಹೋಗಲು ಬರುವುದಿಲ್ಲವಲ್ಲ. ಹೆಣ್ಣು ಕೊಡುವಾಗಲೂ ಹಗೇವು ಎಷ್ಟಿವೆ ಎಂದೇ ಕೇಳುತ್ತಾರೆ.

ಸಾಹೇಬರು ಎದ್ದು ಒಳಗೆ ಬಂದು ಚೀಲಗಳನ್ನು ಬೆತ್ತದಿಂದ ತಟ್ಟಿದರು. ಅದು ಪ್ರತಿ ವರ್ಷ ಸುಗ್ಗಿಯಾದ ಮೇಲೆ ಹಂಪಮ್ಮನ ಅಪ್ಪ ಕಳಿಸುವ ಜೋಳ. ಚೀಲದ ಮೇಲೆ ಬಳ್ಳಾರಿಯ ಯಾವುದೋ ಅಂಗಡಿಯ ಛಾಪು.

"ರೊಟ್ಟಿ ಸೈತ ಆಚೆ ಕಡೀದೇ ಉಣ್ತೀರಿ, ಮಾಸ್ತರ್?"

ನಾಕಾದಲ್ಲಿ ಸುಂಕ ಕಟ್ಟಿಯೇ ತಂದದ್ದು ಎಂದೆ. ಪರದೇಶದ ಮಾಲು ಎಂದು ನಾನೇ ಒಪ್ಪಿಕೊಂಡಂತಾಯಿತು.

ಸಾಹೇಬರ ಅಜ್ಜ ಲಖನೌ ಕಡೆಯಿಂದ ಬಂದವರು ಎಂದು ಕೇಳಿದ್ದೆ. ಅವರ ಮನೆಯಲ್ಲಿ ಹಗೇವು ಎಷ್ಟಿವೆ ಎಂದು ವಿಚಾರಿಸುವ ಮನಸ್ಸಾಯಿತು. ನೌಕರಿ ನೆನಪಾಗಿ ಸುಮ್ಮನಾದೆ.

"ಮುಂದಿನ ವಾರ ಮತ್ತ ಬರ್ತೀನಿ. ನಿಮ್ಮ ಇರಾದಾ ಏನೈತಿ, ಆವಾಗ ನೋಡೂಣು" ಎಂದು ಅವರು ಕುದುರೆ ಹತ್ತಿದರು.

ಮರುದಿನ ಬೆಳಿಗ್ಗೆ ಅಮರಪ್ಪ ಗುದ್ದಲಿ, ಸಲಿಕೆ ಹೊತ್ತುಕೊಂಡು ಬಂದ. ನಿಜ ಹೇಳಿ ಕೆಡಿಸಿದ್ದನ್ನು ತೋಡಿ ಸರಿಮಾಡುವುದು ಅವನ ವಿಚಾರ. ಅಂಗಳದ ನಡುವೆ ಕೋಲಿನಿಂದ ಒಂದು ದುಂಡನೆಯ ಗೆರೆ ಎಳೆದ.

"ತಂಗೀ, ನೀ ಚಾ ಇಡು. ಎರಡ ದಿನದಾಗ ಮುಗಸ್ತೀನಿ."

ಹಂಪಮ್ಮ ಚಹಾ ಇಡಲಿಲ್ಲ. ಬಂದು ಆ ಗೆರೆಯೊಳಗೆ ನಿಂತಳು. "ಬ್ಯಾಡಣ್ಣಾ. ನನ್ನ ಅಂಗಳದಾಗ ತಗ್ಗು ತೋಡಬ್ಯಾಡ."

ಇದು ಹೊಸದಲ್ಲ. ಹಗೇವಿನ ಮಾತು ತೆಗೆದಾಗಲೆಲ್ಲ ಆಕೆಯದು ಇದೇ ಉತ್ತರ. ಕಾರಣ ನಾನೇ ಕಂಡುಹಿಡಿದಿದ್ದೆ. ತವರು ಹೊಳೆಯಾಚೆ ಇದೆ, ಮನಸ್ಸು ಅಲ್ಲೇ ಇದೆ. ಹೆಣ್ಣುಮಕ್ಕಳ ತವರಿನ ಹಂಬಲದ ಬಗ್ಗೆ ಇದೇ ಅಂಕಣದಲ್ಲಿ ಬರೆದೂ ಇದ್ದೇನೆ (ಎರಡು ಸಲ. ಓದುಗರು ಮೆಚ್ಚಿ ಕಾಗದವನ್ನೂ ಹಾಕಿದ್ದರು).

ಅಮರಪ್ಪ ಹೋದ ಮೇಲೆ ರೇಗಿದೆ. "ಹೋಗೂದಿತ್ತಂದ್ರ ಹೋಗು ನಿನ್ನ ತವರಿಗೆ. ನನ್ನ ನೌಕರಿ ಯಾಕ ಕಳೀತಿ?"

ಆಕೆ ಜೋಳ ಕೇರುತ್ತಿದ್ದಳು. ಮೊರ ಒಂದು ಗಳಿಗೆ ನಿಂತಿತು, ಮತ್ತೆ ನಡೆಯಿತು. ಆ ವಾರವೆಲ್ಲ ನಾವಿಬ್ಬರೂ ಮಗಳ ಮುಖಾಂತರ ಮಾತಾಡಿದೆವು. ಅಪ್ಪನಿಗೆ ಉಪ್ಪು ಬೇಕಂತೆ, ಉಪ್ಪು ಅಪ್ಪನ ಮುಂದೇ ಇದೆಯಂತೆ.

ಹೇಳಿದಂತೆ ಸಾಹೇಬರು ಬಂದರು. ಅಂಗಳದ ಗೆರೆ ನೋಡಿ ಅವರಿಗೆ ಖುಷಿಯಾಯಿತು.

"ಕೆಲಸ ಚಾಲೂ ಆಗೇತಿ?"

"ಇನ್ನೂ ಇಲ್ರೀ."

"ಯಾಕ?"

ಒಂದು ಒಳ್ಳೆಯ ಸುಳ್ಳಿಗಾಗಿ ಹುಡುಕಿದೆ. ಪಕ್ಕದಲ್ಲಿ ಅಮರಪ್ಪ ನಿಂತಿದ್ದ, ಹಾಗಾಗಿ ಅದೂ ಆಗಲಿಲ್ಲ. ಅಷ್ಟರಲ್ಲಿ ಹಂಪಮ್ಮ ತಲೆಯ ಮೇಲೆ ಸೆರಗು ಎಳೆದುಕೊಂಡು ಹೊಸ್ತಿಲು ದಾಟಿ ಬಂದಳು. ಸರ್ಕಾರದವರ ಎದುರು ಆಕೆ ಬಾಯಿ ತೆರೆದದ್ದನ್ನು ನಾನು ಕಂಡಿರಲಿಲ್ಲ.

"ಸಾಹೇಬ್ರ, ಈ ಊರಿಗೆ ಬಂದ ಎರಡನೇ ವರ್ಷ ಇವ್ರು ಒಂದು ತಗ್ಗು ತೋಡ್ಯಾರ. ಅಲ್ಲಿ, ಗುಡ್ಡದ ಕೆಳಗ. ಅದರಾಗ ನನ್ನ ಗಂಡಕೂಸು ಐತಿ. ಆಗಿನ್ನೂ ಅಂಬೆಗಾಲು ಇಡತಿತ್ತು."

ಆಕೆ ಅಂಗಳದ ಗೆರೆಯ ಕಡೆ ಕೈ ತೋರಿಸಿದಳು.

"ಮತ್ತೊಂದು ತಗ್ಗು ನನ್ನ ಅಂಗಳದಾಗ ನೋಡಾಕ ನನ್ನ ಕಡಿಂದ ಆಗಂಗಿಲ್ರೀ. ಆ ಕೂಸನ್ನ ಬಿಟ್ಟು ಹೊಳಿ ದಾಟಾಕೂ ಆಗಂಗಿಲ್ಲ. ನಮ್ಮವ್ವ ಸತ್ತಾಗ ಹೋಗಿದ್ದೆ. ಇಲ್ಲೇ ಇರವಾ ಅಂತ ಎಲ್ಲಾರೂ ಅಂದ್ರು. ಮಣ್ಣು ಮುಗಿಸಿ ತಿರುಗಿ ಬಂದೀನಿ. ಚೀಲ ಕಳಸಬ್ಯಾಡ ಅಂದ್ರ ನಮ್ಮಪ್ಪ ನೊಂದ್ಕೋತಾನಂತ ಇಸಗೋತೀನಿ. ಇಷ್ಟ ನೋಡ್ರಿ ನಮ್ಮ ಇರಾದಾ."

ಅಮರಪ್ಪ ರುಮಾಲು ತೆಗೆದು ಕೈಯಲ್ಲಿ ಹಿಡಿದುಕೊಂಡ. ನನಗೆ ನಾಚಿಕೆಯಾಯಿತು. ಅದಕ್ಕಿಂತ ಹೆಚ್ಚು ಸಂಕಟವಾಯಿತು. ಒಂದು ಕಾಲು ಹರಿಗೋಲಿನಲ್ಲಿಟ್ಟೇ ಬಾಳುತ್ತಿದ್ದಾಳೆ ಎಂದು ನಾನು ಹದಿನೈದು ವರ್ಷ ನಂಬಿದ್ದ ಹೆಂಗಸು ಈಕೆಯೇ. ಆ ಮಗುವಿನ ಹೆಸರನ್ನು ನಾವಿಬ್ಬರೂ ಮನೆಯಲ್ಲಿ ಎತ್ತುತ್ತಿರಲಿಲ್ಲ. ಎತ್ತದಿದ್ದರೆ ಮರೆತಂತೆ ಎಂದು ನಾನು ತಿಳಿದಿದ್ದೆ.

ಸಾಹೇಬರು ನನ್ನ ಕಡೆ ತಿರುಗಿದರು. "ಮಾಸ್ತರ್, ಇದನ್ನ ಅರ್ಜ್ಯಾಗ ಯಾಕ ಬರೀಲಿಲ್ಲ?"

"ಇರೋ ಮಕ್ಕಳದ್ದಷ್ಟೇ ಕೇಳಿದ್ರು ಸಾಹೇಬ್ರ."

ಅವರು ಚಹಾ ಬೇಡವೆಂದರು. ಕುದುರೆ ಹತ್ತುವ ಮುಂಚೆ ಅಂಗಳದ ಕಡೆ ಬೆತ್ತ ತೋರಿಸಿ, "ಅಮರಪ್ಪ, ಆ ಗೆರೆ ಅಳಿಸು" ಎಂದರು. ಅಮರಪ್ಪ ಕಾಲಿನಿಂದಲೇ ಅಳಿಸಿದ.

ಹೋದ ವಾರ ಸರ್ಟಿಫಿಕೇಟ್ ಬಂತು. ಉರ್ದು ಬರಹ, ಕೆಳಗೆ ದುಂಡನೆಯ ಮೊಹರು. ನನ್ನ ಹೆಸರಿದೆ. ಹಂಪಮ್ಮನದು ಇಲ್ಲ, ಮಾಸ್ತರರ ಹೆಂಡತಿ ಎಂದಷ್ಟೇ ಇದೆ. ಓದಿ ಅರ್ಥ ಹೇಳಿದೆ. ಆಕೆ ಕೇಳಿಸಿಕೊಂಡು, "ಅದನ್ನ ಚೀಲದ ಮ್ಯಾಲ ಇಡಬ್ಯಾಡ್ರಿ, ಇಲಿ ಕಡೀತಾವ" ಎಂದಳು. ಟ್ರಂಕಿನಲ್ಲಿ ಇಟ್ಟೆ. ಆಮೇಲೆ ಇಬ್ಬರೂ ಗುಡ್ಡದ ಕೆಳಗೆ ಹೋಗಿ ಬಂದೆವು. ಜಾಗ ನನಗೆ ಗುರುತು ಸಿಗಲಿಲ್ಲ, ಆಕೆ ನೇರ ಹೋಗಿ ನಿಂತಳು.

ಗಂಡನ ದೆಸೆಯಿಂದ ಹೆಂಡತಿ ಮುಲ್ಕಿ ಎನ್ನುತ್ತದೆ ಸರ್ಕಾರ. ನಮ್ಮ ಮನೆಯಲ್ಲಿ ಯಾರ ದೆಸೆಯಿಂದ ಯಾರು ಆದದ್ದು, ನೀವೇ ಹೇಳಿ?