ಯಾರ ಮನೆ ಬಾಗಿಲು

ಹಿತ್ತಾಳೆ ಕೀಯ ಮೇಲೆ ಯಂತ್ರದ ಚಕ್ರ ಕಿರ್ರೆಂದು ಓಡಿದರೆ ಬೀದಿಯ ಕೊನೆಯ ಔಷಧಿ ಅಂಗಡಿಯವರೆಗೂ ಕೇಳಿಸುತ್ತದೆ. ಬೀಗದಕ್ಕ ಅಂಗಡಿ ತೆರೆದಿದ್ದಾಳೆ ಎಂದು ಎಲ್ಲರಿಗೂ ಗೊತ್ತಾಗುತ್ತದೆ. ಗಂಡ ತೀರಿಕೊಂಡಾಗ ಹದಿನೈದು ದಿನ ನಿಂತ ಸದ್ದು, ಆಮೇಲೆ ಏಳು ತಿಂಗಳಿಂದ ನಿಂತಿಲ್ಲ.

ಕೆಳಗೆ ಅಂಗಡಿ, ಮೇಲೆ ಎರಡು ಕೋಣೆ. ಎಲ್ಲವೂ ಗಂಡನ ಹೆಸರಿನಲ್ಲಿದೆ. ಮಕ್ಕಳಿಲ್ಲ; ಅತ್ತೆ, ಮಾವ ಹೋಗಿ ಎಷ್ಟೋ ವರ್ಷವಾಯಿತು. ಕೀ ಮಾಡುವ ಕೆಲಸದಲ್ಲಿ ಗಂಡ ಅವಳಿಗೆ ಕಲಿಸಿದ ಮೊದಲ ಪಾಠ ಅರ ಹಿಡಿಯುವುದಲ್ಲ, ಕೇಳುವುದು. ಯಾರೇ ನಕಲಿಗೆ ತಂದರೂ ಯಂತ್ರಕ್ಕೆ ಬಿಗಿಯುವ ಮೊದಲು 'ಇದು ಯಾರ ಮನೆ ಬಾಗಿಲು?' ಎಂದು ಕೇಳಬೇಕು. ಉತ್ತರ ತಡವರಿಸಿದರೆ ಕೆಲಸವಿಲ್ಲ. ಒಮ್ಮೆ ಅವಳು ಪೊಲೀಸಿನವರನ್ನೇ ಹಾಗೆ ಕೇಳಿ ಬೈಸಿಕೊಂಡಾಗ ಗಂಡ ಸಂಜೆಯೆಲ್ಲ ನಕ್ಕಿದ್ದ.

ಇವತ್ತು ಮೈದುನ ಬಂದ. ಸ್ಟೂಲಿನ ಮೇಲೆ ಕೂತು ಅವಳ ಕಣ್ಣು, ಮೊಣಕಾಲು ಎಲ್ಲವನ್ನೂ ವಿಚಾರಿಸಿ, ನಿಧಾನಕ್ಕೆ ಚೀಲದಿಂದ ಹಕ್ಕು ಬಿಡುಗಡೆ ಪತ್ರ ತೆಗೆದ. ಅಣ್ಣ ವಿಲ್ ಬರೆದಿಲ್ಲ, ಮಕ್ಕಳೂ ಇಲ್ಲ, ಮನೆ ಮನೆತನಕ್ಕೇ ಉಳಿಯಲಿ, ನೀವು ಬದುಕಿರುವವರೆಗೂ ಇರಿ, ಬೇಡ ಅನ್ನುವವರು ಯಾರು ಎಂದ.

ನೋಂದಣಿ ಕಚೇರಿಯ ಗುಮಾಸ್ತ ಹೋದ ತಿಂಗಳು ಬೀರುವಿನ ಕೀ ಮಾಡಿಸಲು ಬಂದಾಗ ಮನೆ ಯಾರಿಗೆ ಸೇರುತ್ತದೆ ಎಂದು ಅವಳು ಕೇಳಿದ್ದಳು. ನಿಮ್ಮಂಥ ಸಂದರ್ಭದಲ್ಲಿ ಹೆಂಡತಿಯೇ ವಾರಸುದಾರಳು, ನೀವಾಗಿ ಸಹಿ ಹಾಕಿದರೆ ಮಾತ್ರ ಮನೆ ಕೈತಪ್ಪುತ್ತದೆ ಎಂದಿದ್ದ. ಅದು ಗೊತ್ತಿದ್ದೂ ಅವಳು ಪೆನ್ನು ಕೈಗೆತ್ತಿಕೊಂಡಳು. ತಾನು ಸೊಸೆಯಾಗಿ ಬಂದಾಗ ಶಾಲೆಗೆ ಹೋಗುತ್ತಿದ್ದವನು. ಅವನ ಅಂಗಿಗೆ ಗುಂಡಿ ಹೊಲಿದ ಕೈ ಇದು. ಗೋಡೆಗಳಿಗಾಗಿ ಅವನ ಜೊತೆ ಜಗಳವೇ ಎನ್ನಿಸಿತು.

ಆಗ ಅವನು ಜೇಬಿನಿಂದ ಒಂದು ಕೀ ತೆಗೆದು ಮೇಜಿನ ಮೇಲಿಟ್ಟ. ಈ ಮನೆಯದೇ, ಗಂಡನ ಬಳಿ ಇರುತ್ತಿದ್ದದ್ದು. ಸಾವಿನ ಮನೆಯ ಗಡಿಬಿಡಿಯಲ್ಲಿ ಒಯ್ದವನು ಹಿಂದಿರುಗಿಸಿರಲಿಲ್ಲ. ಅದನ್ನು ನೇತುಹಾಕುತ್ತಿದ್ದ, ಮಹಡಿಯ ಬಾಗಿಲ ಹಿಂದಿನ ಮೊಳೆ ಅಂದಿನಿಂದ ಖಾಲಿ.

"ಹಾಗೇ ಇದರದ್ದೊಂದು ನಕಲು ಮಾಡಿಕೊಡಿ ಅತ್ತಿಗೆ. ನಮ್ಮವಳ ಹತ್ರಾನೂ ಒಂದಿರಲಿ."

ಪೆನ್ನು ಕೆಳಗಿಟ್ಟು, ಕೀ ಕೈಗೆತ್ತಿಕೊಂಡು, ರೂಢಿಯಂತೆ ಅವಳ ಬಾಯಿ ಕೇಳಿಬಿಟ್ಟಿತು. "ಇದು ಯಾರ ಮನೆ ಬಾಗಿಲು?"

ಅವನು ನಕ್ಕ. "ನನ್ನನ್ನೂ ಕೇಳ್ತೀರಾ?"

"ಪೊಲೀಸರನ್ನೇ ಬಿಟ್ಟಿಲ್ಲ ಕಣಪ್ಪ."

"ಅದು... ಅಣ್ಣಂದು. ಅಂದ್ರೆ, ಈಗ ನಮ್ದೇ... ನಿಮ್ದೂ ಅನ್ಕೊಳ್ಳಿ."

ಕೇಳಿದ ಮೇಲೆ ಅವಳಿಗೇ ಉತ್ತರ ಬೇಕಾಯಿತು. ಬೆರಳ ಕೆಳಗೆ ಸವೆದ ಹಲ್ಲು ತಾಗಿತು. ಮೂರನೆಯದನ್ನು ಗಂಡ ಎರಡು ಸಲ ತಿದ್ದಿದ್ದ. ಕಾಗದವನ್ನು ಸಹಿ ಹಾಕದೆಯೇ ಅವನ ಕಡೆಗೆ ಸರಿಸಿದಳು.

"ನಂದು," ಎಂದಳು, ಮೆಲ್ಲಗೆ.

ಅವನು ಮುಖ ಕೆಂಪಗೆ ಮಾಡಿಕೊಂಡು ರಕ್ತಸಂಬಂಧದ ಮಾತೆತ್ತಿದ.

"ಸಂಬಂಧ ಎಲ್ಲಿ ಹೋಗುತ್ತೆ? ಭಾನುವಾರ ಇಬ್ಬರೂ ಊಟಕ್ಕೆ ಬನ್ನಿ. ಬಂದಾಗ ಬಾಗಿಲು ತಟ್ಟು."

"ಹಾಗಲ್ಲ ಅತ್ತಿಗೆ, ನಾನು ಹೇಳೋದನ್ನ ಪೂರ್ತಿ..."

ಅವಳಾಗಲೇ ಕೀಯನ್ನು ಮೊಳೆಗೆ ಹಾಕಲು ಮೆಟ್ಟಿಲು ಹತ್ತುತ್ತಿದ್ದಳು.