ಬೀಮಿಗೆ ಅಂಟಿಸಿದ ಗಾಜು

ನನ್ನ ಮೊಮ್ಮಕ್ಕಳೇ, ಎದುರಿಗೆ ಕುಳಿತು ಹೇಳಲು ನನಗೆ ಸಂಕೋಚ, ಅದಕ್ಕೇ ಬರೆಯುತ್ತಿದ್ದೇನೆ. ಬನಹಟ್ಟಿಯ ನಮ್ಮ ಮನೆಯ ಮಗ್ಗದ ಕೋಣೆಯಲ್ಲಿ, ಮಾಳಿಗೆ ಹೊತ್ತ ಕಾಂಕ್ರೀಟು ಬೀಮಿಗೆ ಅಂಟಿಸಿದ ಗಾಜಿನ ತುಂಡನ್ನು ನೀವು ನೋಡಿದ್ದೀರಿ. ಅದು ಏಕೆ ಇದೆಯೆಂದು ಹೇಳುತ್ತೇನೆ.

ನಿಮ್ಮ ಅಜ್ಜ ಹೋದ ಮೇಲೆ ಆ ಬೀಮಿನಲ್ಲಿ ಸಣ್ಣ ಬಿರುಕು ಕಾಣಿಸಿತು. ನೋಡಲು ಬಂದ ಇಂಜಿನಿಯರು ಬಿರುಕಿಗೆ ಅಡ್ಡವಾಗಿ ತೆಳುವಾದ ಗಾಜು ಅಂಟಿಸಿದರು. ಗಾಜು ಹಿಗ್ಗುವುದಿಲ್ಲ, ಬಿರುಕು ಬೆಳೆದರೆ ಸೀಳುತ್ತದೆ, ತಿಂಗಳಿಗೊಮ್ಮೆ ನೋಡುತ್ತಿರಿ ಎಂದರು. ಆ ಕೆಲಸ ನಾನು ವಹಿಸಿಕೊಂಡೆ. ಅಮವಾಸ್ಯೆಗೆ ಪೂಜೆಗೆಂದು ಮಗ್ಗಗಳೆಲ್ಲ ನಿಲ್ಲುತ್ತವೆ, ಹತ್ತಿಯ ಧೂಳು ಹಾರುವುದಿಲ್ಲ. ಸ್ಟೂಲು ಹತ್ತಿ ನೋಡಲು ಅದೇ ದಿನ ಹಿಡಿದೆ.

ಗಾಜು ಗಟ್ಟಿಯಾಗಿಯೇ ಇತ್ತು. ಆ ಧೈರ್ಯದಿಂದ ನಿಮ್ಮಪ್ಪ ಮಾಳಿಗೆಯ ಮೇಲೂ ಎರಡು ಮಗ್ಗ ಹೂಡಲು ಹೊರಟ. ಅಮವಾಸ್ಯೆಯೇ ಒಳ್ಳೆಯ ದಿನವೆಂದು ಹಮಾಲರನ್ನು ಕರೆಸಿದ. ಅಂದು ಪೂಜೆಯಲ್ಲಿ ನಿಮ್ಮವ್ವ ಮಗ್ಗಗಳ ಜೊತೆ ಗಾಜಿಗೂ ವಿಭೂತಿ ಬಳಿದಿದ್ದಳು. ಕೋಣೆಯಲ್ಲಿ ಇರುವುದಕ್ಕೆಲ್ಲ ಹಚ್ಚುವುದು ನಮ್ಮ ರೂಢಿ, ಕತ್ತರಿಯನ್ನೂ ಬಿಡುವುದಿಲ್ಲ. ನಿಮ್ಮಪ್ಪ ಕೆಳಗಿನಿಂದಲೇ ನೋಡಿ, ಗಾಜು ಹಾಗೇ ಇದೆ, ಎತ್ತಿರಿ ಎಂದ.

ನಾನು ಸ್ಟೂಲು ಹತ್ತಿ ಸೆರಗಿನಿಂದ ಒರೆಸಿದೆ. ಕೂದಲೆಳೆಯಂಥ ಗೆರೆ ಕಂಡಿತು.

“ಅದು ವಿಭೂತಿ ಗೆರಿ ಬೇ ಯವ್ವಾ, ಕೆಳಗ ಇಳಿ,” ಎಂದ ನಿಮ್ಮಪ್ಪ.

ಪರ ಗಂಡಸರ ಮುಂದೆ ನಾನು ಎಂದೂ ಬಾಯಿ ತೆರೆದವಳಲ್ಲ. ಆದರೆ ಆ ಬೀಮಿನ ಕೆಳಗೇ ನಿಮ್ಮ ತೊಟ್ಟಿಲು ತೂಗುತ್ತಿತ್ತು.

“ವಿಭೂತಿ ಒರಸಿದ್ರ ಹೋಗತೈತಿ. ಇದು ಹೋಗವಲ್ದು. ಮಗ್ಗ ಏರಸಬ್ಯಾಡ.”

ಹಿರಿಯ ಹಮಾಲ ಹಗ್ಗ ಸುತ್ತಿದ. “ಯವ್ವಾರು ಮಾತಾಡ್ಯಾರಂದ್ರ ನಾವು ಚಾ ಕುಡದು ಹೋಗೂದ ಛಲೋರಿ.”

ಇಂಜಿನಿಯರು ಮತ್ತೆ ಬಂದು ಬೀಮಿಗೆ ಆಸರೆ ಕೊಟ್ಟು ಕೆತ್ತಿಸಿದರು. ಮೇಲಿನ ಬಚ್ಚಲ ನೀರು ಇಳಿದು ಒಳಗಿನ ಸರಳು ತುಕ್ಕು ಹಿಡಿದಿತ್ತು. ಹೊಸ ಸರಳು ಹಾಕಿ, ಕಾಂಕ್ರೀಟು ತುಂಬಿ, ಬಚ್ಚಲನ್ನೂ ಸರಿಮಾಡಿದರು. ಆ ಎರಡು ಮಗ್ಗ ಹಿತ್ತಲ ನೆಲದ ಮೇಲೆ ಕುಳಿತವು. ನಿಮ್ಮಪ್ಪ ತಾನೇ ನಿಂತು ಬೇರೆ ಗಾಜು ಹಾಕಿಸಿದ. ಅದು ಇಂದಿಗೂ ಸೀಳಿಲ್ಲ. ಈಗ ನಿಮ್ಮವ್ವ ವಿಭೂತಿಯನ್ನು ಪಕ್ಕದ ಗೋಡೆಗೆ ಹಚ್ಚುತ್ತಾಳೆ.

ಸಿಮೆಂಟು ಕಲ್ಲಿನಂತೆ ಕಂಡರೂ ಒಳಗೊಳಗೇ ಬದಲಾಗುತ್ತದೆ. ನೋಡುವವರಿದ್ದರೆ ಭಯವಿಲ್ಲ. ನನ್ನ ಮೊಣಕಾಲುಗಳು ಇನ್ನು ಸ್ಟೂಲು ಹತ್ತಲಾರವು. ಅಮವಾಸ್ಯೆಗೆ ಯಾರು ಹತ್ತುತ್ತೀರೋ ಅವರ ಬಳಿ ಈ ಹಾಳೆಗಳಿರಲಿ. ನೀರು ತಾಗದಂತೆ, ಹುಳ ಹಿಡಿಯದಂತೆ ಜೋಪಾನವಾಗಿ ಇಟ್ಟುಕೊಳ್ಳಿ.